ನಿಂಬೆಗಿಡಕ್ಕೆ ಜಾಮೀನು

ಹಿಂದೂಪುರದ ನಮ್ಮ ಮನೆಯಲ್ಲಿ ಆ ನಿಂಬೆಗಿಡವನ್ನು ಬೈಯದವರು ಯಾರೂ ಇರಲಿಲ್ಲ. ಅದಕ್ಕೆ ನೀರು ಹಾಕದವರೂ ಯಾರೂ ಇರಲಿಲ್ಲ. ಈ ಎರಡನೆಯ ವಿಷಯ ನನಗೆ ತಿಳಿದದ್ದು ಬಹಳ ತಡವಾಗಿ. ಮೊದಲೇ ತಿಳಿದಿದ್ದರೆ ಅತ್ತೆಯ ಜೊತೆ ಒಂದು ತಿಂಗಳಿಗೂ ಹೆಚ್ಚು ಕಾಲ ಬೇಕಂತಲೇ ಮುನಿಸು ಬೆಳೆಸುವ ಕೆಲಸ ನನಗೆ ಬೀಳುತ್ತಿರಲಿಲ್ಲ. ಆ ಕೆಲಸದಲ್ಲಿ ನನಗೆ ಖುಷಿ ಇರಲಿಲ್ಲ ಅಂತ ಮಾತ್ರ ಯಾರೂ ತಿಳಿಯಬಾರದು.

ಗಿಡ ನನ್ನದು. ಮದುವೆಯಾಗಿ ಕಲ್ಯಾಣದುರ್ಗದಿಂದ ಹೊರಡುವಾಗ ಅಮ್ಮ ನಮ್ಮ ಹಿತ್ತಲಿನ ನಿಂಬೆಯ ಸಸಿಯೊಂದನ್ನು ಹಳೆಯ ಎಣ್ಣೆ ಡಬ್ಬದಲ್ಲಿ ನೆಟ್ಟು ಕೈಗೆ ಕೊಟ್ಟಿದ್ದಳು. ಎರಡು ಬಸ್ಸು ಬದಲಿಸಿ ಬರುವಷ್ಟು ದೂರವೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಧಾರೆ ಸೀರೆಗೆ ಕೆಸರಾಯಿತು. ಪಕ್ಕದಲ್ಲಿ ಕೂತಿದ್ದ ಹೊಸ ಗಂಡನ ಮೊಣಕೈಗೆ ಮುಳ್ಳು ಚುಚ್ಚಿ, ಅವರು ನನ್ನ ಜೊತೆ ಆಡಿದ ಮೊದಲ ಮಾತೇ ‘ಅಬ್ಬಾ’ ಎಂದಾಯಿತು.

ಅದಾಗಿ ಆರು ವರ್ಷ. ಗಿಡ ನನಗಿಂತ ಎತ್ತರ ಬೆಳೆಯಿತು, ಸೂರನ್ನು ಮುಟ್ಟಿತು, ಆದರೆ ಒಂದೇ ಒಂದು ಹೂವು ಬಿಡಲಿಲ್ಲ. ಅಷ್ಟರಲ್ಲಿ ನನಗೆ ಎರಡು ಮಕ್ಕಳಾಗಿದ್ದವು. ಹಾಗಾಗಿ ಬಂಜೆ ಎನ್ನುವ ಮಾತು ನನ್ನ ಮೇಲೆ ಬರದೆ ಗಿಡದ ಮೇಲೆ ಬಂತು. ನನ್ನ ಅತ್ತೆ ವೀರಭದ್ರಮ್ಮ ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದರೆ ಮೊದಲು ಅದಕ್ಕೇ ಪೂಜೆ.

“ಕಲ್ಯಾಣದುರ್ಗದೋರು ಕೊಟ್ಟಿದ್ದು ನೋಡಪ್ಪ. ಬರೀ ಮುಳ್ಳು. ಚುಚ್ಚೋದು ಬಿಟ್ರೆ ಬೇರೆ ಕಸುಬಿಲ್ಲ.”

ಅದು ನನಗೆ ಕೇಳಲೆಂದೇ ಹೇಳುವ ಮಾತು. ನಾನು ಕೇಳಿಸಿಕೊಂಡು, ಅವತ್ತಿನ ಸಾರಿಗೆ ಒಂದು ಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಿದ್ದೆ.

ಅತ್ತೆಯ ಬಗ್ಗೆ ಒಂದು ವಿಷಯ ಈಗಲೇ ಹೇಳಿಬಿಡಬೇಕು. ಅವರು ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಕೇಳಿದವರಲ್ಲ. ಕುಡಿಯಲು ನೀರು ಬೇಕಾದರೆ ಗೋಡೆಯ ಕಡೆ ನೋಡಿ “ಬಾಯಿ ಒಣಗ್ತಾ ಐತೆ” ಎನ್ನುವರು. ಯಾರಾದರೂ ತಂದು ಕೊಡಬೇಕು. ಊಟಕ್ಕೆ ಕೂತಾಗ “ಉಪ್ಪು ಕಮ್ಮಿ” ಎಂದು ತಟ್ಟೆಗೆ ಹೇಳುವರು, ನನಗಲ್ಲ. ಕೊಡು, ತಾ, ದಯವಿಟ್ಟು, ಈ ಮಾತುಗಳು ಅವರ ಬಾಯಿಯಿಂದ ಹೊರಗೆ ಬಂದದ್ದನ್ನು ನಮ್ಮ ಮಾವ ಕೂಡ ಕೇಳಿರಲಿಲ್ಲವಂತೆ.

ಮಾವ ಮಲ್ಲಿಕಾರ್ಜುನಪ್ಪನವರದು ಹುಣಿಸೆಹಣ್ಣಿನ ಮಂಡಿ. ನಮ್ಮ ಹಿತ್ತಲಿನ ಅರ್ಧ ಭಾಗ ಹಿತ್ತಲಲ್ಲ, ಹಣ್ಣು ಕುಟ್ಟಿ ಬೀಜ ತೆಗೆಯುವ ಶೆಡ್ಡು. ಸುಗ್ಗಿ ಬಂದರೆ ಇಪ್ಪತ್ತು ಹೆಂಗಸರು ಅಲ್ಲಿ ಕೂತು ಕುಟ್ಟುವರು, ಉಳಿದ ಕಾಲದಲ್ಲಿ ನಾಲ್ಕು ಜನ. ಶೆಡ್ಡು ಸಾಲದು, ಇನ್ನು ಹತ್ತಡಿ ಬೆಳೆಸಬೇಕು ಎಂಬುದು ಮಾವನ ಹಳೆಯ ಆಸೆ. ಆ ಹತ್ತಡಿಯ ಸರಿಯಾಗಿ ನಡುವೆ ನನ್ನ ನಿಂಬೆಗಿಡ ನಿಂತಿತ್ತು.

ಅರವತ್ತೊಂದನೇ ಇಸವಿಯ ದೀಪಾವಳಿಯ ಮಾರನೆಯ ದಿನ ಮಾವ ಊಟ ಮುಗಿಸಿ, ಕೈ ತೊಳೆದು, ತೀರ್ಪು ಹೇಳಿದರು.

“ನೋಡಮ್ಮ ಮಂಗಳಗೌರಿ, ನಿನ್ನ ಮನಸ್ಸಿಗೆ ಬೇಜಾರು ಮಾಡಬಾರದು ಅಂತ ಎರಡು ವರ್ಷ ಸುಮ್ನಿದ್ದೆ. ಶಿವರಾತ್ರಿಯೊಳಗೆ ಒಂದು ಹೂವು ತೋರಿಸು, ಶೆಡ್ಡು ಆ ಕಡೆ ತಿರುಗಿಸ್ತೀನಿ. ಇಲ್ದಿದ್ರೆ ಕಡಿಸಿಬುಡ್ತೀನಿ.”

ನ್ಯಾಯದ ಮಾತು. ಅದಕ್ಕೇ ನನಗೆ ಅಳು ಬಂತು. ಅನ್ಯಾಯದ ಮಾತಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಆ ಮನೆಯಲ್ಲಿ ನಾನು ತಂದದ್ದೆಂದು ಬೇರೂರಿ ನಿಂತದ್ದು ಅದೊಂದೇ. ಪಾತ್ರೆಗಳು ಅವರ ಪಾತ್ರೆಗಳೊಳಗೆ ಕಲೆತು ಹೋಗಿದ್ದವು, ಸೀರೆಗಳು ಹರಿದಿದ್ದವು, ಮಕ್ಕಳ ಮೂಗು ಸಹ ಅವರ ವಂಶದ್ದೇ. ಆ ಗಿಡ ಹೋಗಬಾರದು ಎಂದು ಅವತ್ತು ಹಟ ಹಿಡಿದೆ.

ಗಿಡಗಳ ವೈದ್ಯ ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ನರಸಿಂಹಯ್ಯನವರು. ಬೆಂಗಳೂರಿನಲ್ಲಿ ರೈಲ್ವೆ ಪಾರ್ಸೆಲ್ ಕ್ಲಾರ್ಕ್ ಆಗಿದ್ದು ರಿಟೈರಾಗಿ ಬಂದವರು. ಅಲ್ಲಿ ಸಾಹೇಬರ ಬಂಗಲೆಗಳ ಮುಂದೆ ಲಾನ್ ನೋಡಿ ನೋಡಿ, ತಮ್ಮ ಮನೆಯ ಮುಂದೆಯೂ ಹದಿನೈದಡಿಗೆ ಹತ್ತಡಿ ಗರಿಕೆ ನೆಟ್ಟು, ಸುತ್ತ ಬೇಲಿ ಕಟ್ಟಿ, ಅದನ್ನು ಲಾನ್ ಎಂದು ಕರೆಯುತ್ತಿದ್ದರು. ಪರಿಗಿ ಕಡೆಯಿಂದ ಗಾಡಿ ಹೊಡೆದುಕೊಂಡು ಬರುವ ರೈತರು ಬೇಲಿಯ ಹತ್ತಿರ ಎತ್ತು ನಿಲ್ಲಿಸಿ ನೋಡಿ ಹೋಗುವರು.

“ನಾವು ಹೊಲದಾಗೆ ಇದನ್ನ ಕಿತ್ತೂ ಕಿತ್ತೂ ಬೆನ್ನು ಬಗ್ಗೋಯ್ತು, ಈಯಪ್ಪ ನೆಟ್ಟವ್ನೆ ನೋಡ್ಲಾ!”

ಕಿತ್ತರೂ ಸಾಯದ ಗರಿಕೆ ನರಸಿಂಹಯ್ಯನವರು ಸಾಕಿದ ಮೇಲೆ ಸಾಯತೊಡಗಿತ್ತು. ಲಾನಿನಲ್ಲಿ ಊಟದ ತಟ್ಟೆಯಷ್ಟಗಲದ ಹಳದಿ ಮಚ್ಚೆಗಳು. ಬೇವಿನ ಹಿಂಡಿ ಹಾಕಿದರು, ಮೂಳೆ ಪುಡಿ ಹಾಕಿದರು, ಬಿಸಿಲಿಗೆ ಹಳೆ ಪಂಚೆ ಹೊದಿಸಿದರು. ಏನೂ ಆಗಲಿಲ್ಲ. ಆದರೂ ಬೀದಿಯ ಗಿಡಗಳಿಗೆಲ್ಲ ಅವರೇ ವೈದ್ಯರು.

ನಮ್ಮ ಹಿತ್ತಲಿಗೆ ಬಂದವರು ಗಿಡವನ್ನು ನೋಡಲೇ ಇಲ್ಲ. ಬುಡದಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

“ಉಪ್ಪು,” ಎಂದರು. “ನಿಮ್ಮೋರು ಹುಣಿಸೆಹಣ್ಣು ಕೆಡಬಾರದು ಅಂತ ಉಪ್ಪು ಬೆರೆಸಿ ತುಂಬ್ತಾರೆ. ಶೆಡ್ಡು ಗುಡಿಸಿದ ಕಸವೆಲ್ಲ ತಂದು ಇಲ್ಲೇ ಸುರೀತಾರೆ. ಇದು ಮಣ್ಣಲ್ಲ ಕಣಮ್ಮ, ಉಪ್ಪಿನಕಾಯಿ ಜಾಡಿ.”

ಹಾಗಂದು ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಆ ಮನುಷ್ಯನಿಗೆ ಮಣ್ಣಿನ ರುಚಿ ಹಿಡಿಸಿತ್ತೆಂದು ಕಾಣುತ್ತದೆ.

ಅವರ ಮಾತಿನಂತೆ ಬುಡದ ಮಣ್ಣನ್ನು ಮೊಣಕೈ ಆಳ ತೆಗೆಸಿ, ಕೆರೆಯ ಹೂಳಾದ ಕೆರೆಗೋಡು ತುಂಬಿಸಿದೆ. ಎಲೆಗಳು ಅಂಗೈಯಷ್ಟಾದವು. ನಮ್ಮೆಜಮಾನರು, ಹೆಸರು ನಾನು ಹೇಳುವಂತಿಲ್ಲ, ಎಲ್ಲಿಂದಲೋ ಬಿಳಿ ಗೊಬ್ಬರ ಒಂದು ಪೊಟ್ಟಣ ತಂದು ಹಾಕಿದರು. ಹದಿನೈದು ದಿನದಲ್ಲಿ ಕೊಂಬೆಗಳು ಹೆಂಚಿನ ಮೇಲೆ ಹತ್ತಿ ಕೂತವು. ಗಿಡ ಕೊಬ್ಬಿತು, ಕಪ್ಪಗೆ ಮಿಂಚಿತು, ಮುಳ್ಳು ಮಾತ್ರ ಎರಡರಷ್ಟು ಬಿಟ್ಟಿತು. ಅತ್ತೆಗೆ ಬೈಯಲು ಹೊಸ ಸರಕು ಸಿಕ್ಕಿತು.

ಆಗ ಶೆಡ್ಡಿನಲ್ಲಿ ಹಣ್ಣು ಕುಟ್ಟುತ್ತಿದ್ದ ಪರಿಗಿಯ ಎರ್ರಮ್ಮ ನನ್ನನ್ನು ಕರೆದು ಹೇಳಿದಳು.

“ಮಣ್ಣೂ ಅಲ್ಲ, ಗೊಬ್ಬರಾನೂ ಅಲ್ಲ ಕಣಮ್ಮ. ಗಿಡಕ್ಕೆ ಭಯ ಇಲ್ಲ. ಕೊಡಲಿ ತೋರಿಸ್ಬೇಕು. ನಮ್ಮೂರಾಗೆ ಕಾಯಿ ಬಿಡ್ದಿದ್ದ ಮಾವು, ಹುಣಿಸೆ ಎಲ್ಲದಕ್ಕೂ ಹಂಗೇ ಮಾಡೋದು.”

ಅದರ ಕ್ರಮ ಹೀಗೆ. ಗಿಡ ತಂದವರು ಕೊಡಲಿ ಎತ್ತಿ “ಈ ದರಿದ್ರದ್ದನ್ನ ಕಡಿದು ಒಲೆಗೆ ಹಾಕ್ತೀನಿ” ಎಂದು ಗಿಡಕ್ಕೆ ಕೇಳುವಂತೆ ಕೂಗಬೇಕು. ಇನ್ನೊಬ್ಬರು ಓಡಿ ಬಂದು ಅಡ್ಡ ನಿಂತು, “ಬ್ಯಾಡ, ಕಡಿಬ್ಯಾಡ, ಬರೋ ವರ್ಷ ಕಾಯಿ ಕೊಡ್ತೈತೆ, ಅದಕ್ಕೆ ನಾನು ಜಾಮೀನು” ಎಂದು ಮೂರು ಸಲ ಬೇಡಿಕೊಳ್ಳಬೇಕು. ಮೂರನೆಯ ಸಲಕ್ಕೆ ಕೊಡಲಿ ಇಳಿಸಬೇಕು. ಗಿಡ ಹೆದರಿಕೊಂಡು, ಜಾಮೀನು ನಿಂತವರ ಮಾನ ಉಳಿಸಲು ಹೂವು ಬಿಡುತ್ತದೆ.

“ನೀನೇ ಬೇಡ್ಕಂಬುಡು ಎರ್ರಮ್ಮ,” ಎಂದೆ.

“ಅಯ್ಯೋ ದೇವುಡಾ! ಕೂಲಿಯೋಳು ಜಾಮೀನು ನಿಂತ್ರೆ ಗಿಡ ನಗ್ತೈತೆ. ಮನೆ ಹಿರೇರು ಬೇಡ್ಕಬೇಕು. ಹೆಣ್ಣು ಜೀವ ಆಗ್ಬೇಕು.”

ಮನೆಯ ಹಿರಿಯ ಹೆಣ್ಣುಜೀವ ಹಿತ್ತಲ ಜಗಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿತ್ತು. ಆರು ವರ್ಷದಲ್ಲಿ ನನ್ನ ಹತ್ತಿರ ಉಪ್ಪು ಕೇಳದವರು ನನ್ನ ಮುಂದೆ ಕೈಯೊಡ್ಡಿ ಬೇಡಬೇಕು, ಅದೂ ಕೂಲಿಯವರ ಎದುರಿಗೆ. ನಾನು ಕೇಳಿದಾಗ ಅತ್ತೆ ಅಡಕತ್ತರಿ ನಿಲ್ಲಿಸಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

“ಮಂಗಳವಾರ ಮಾಡ್ರಿ,” ಎಂದರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮಂಗಳವಾರ ಬೆಳಿಗ್ಗೆ ಹಿತ್ತಲಲ್ಲಿ ಸಭೆ ಸೇರಿತು. ಎರ್ರಮ್ಮ ಮತ್ತು ಮೂವರು ಹೆಂಗಸರು ಕುಟ್ಟುವುದು ನಿಲ್ಲಿಸಿ ಸಾಲಾಗಿ ಕೂತರು. ಗೋಡೆಯ ಮೇಲೆ ನರಸಿಂಹಯ್ಯನವರ ತಲೆ ಕಾಣಿಸಿತು. ನಾನು ಸೆರಗು ಕಟ್ಟಿ, ಕೊಡಲಿ ಎತ್ತಿ, ಆರು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಕೂಗಿದೆ.

“ಈ ದರಿದ್ರದ್ದನ್ನ ಇವತ್ತು ಕಡಿದು ಒಲೆಗೆ ಹಾಕ್ತೀನಿ!”

ಅತ್ತೆ ಎದ್ದು ಬಂದರು. ಗಿಡದ ಪಕ್ಕದಲ್ಲಿ ನಿಂತರು. ಬಾಯಿ ತುಂಬ ಎಲೆಅಡಿಕೆ. ನಿಧಾನವಾಗಿ ಜಗಿದರು. ನಾವೆಲ್ಲ ಕಾದೆವು. ಅವರು ಗಿಡದ ಆಚೆ ಉಗುಳಿ, ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿದರು.

“ಕಡಿ. ಯಾಕೆ ನಿಂತೆ?”

ಹೆಂಗಸರು ಕಿಸಕ್ಕೆಂದರು. ಗೋಡೆಯ ಮೇಲಿನ ತಲೆ ಮಾಯವಾಯಿತು.

“ಅತ್ತಮ್ಮ, ಬೇಡ್ಕಬೇಕು,” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ.

“ನಾನ್ಯಾಕೆ ಬೇಡ್ಕಳ್ಳಿ? ಗಿಡ ನಿಂದು, ಕೊಡಲಿ ನಿಂದು. ಕಡಿಯೋ ಹಂಗಿದ್ರೆ ಕಡಿ, ಇಲ್ದಿದ್ರೆ ಒಳಗೆ ಹೋಗಿ ಮುದ್ದೆ ತಿರುವು.”

ಕೈಯಲ್ಲಿ ಕೊಡಲಿ ಇರುವಾಗ ಯಾರೂ ನಗಬಾರದು. ನನಗೆ ಕಣ್ಣು ಮಂಜಾಯಿತು. ಬೀಸಿಬಿಟ್ಟೆ. ಕೊಡಲಿ ಕಾಂಡಕ್ಕೆ ನಾಲ್ಕು ಬೆರಳಗಲ ಕಚ್ಚಿ ಅಲ್ಲೇ ನಿಂತುಕೊಂಡಿತು.

ನಗೆ ನಿಂತಿತು. ಮೊದಲು ಕಿರುಚಿದವರು ಅತ್ತೆ. ಓಡಿ ಬಂದು ಗಿಡವನ್ನು ತಬ್ಬಿಕೊಂಡರು, ಮುಳ್ಳು ಚುಚ್ಚಿ ಎರಡು ತೋಳೂ ರಕ್ತವಾದವು. “ಕೊಂದ್ಬುಟ್ಲಲ್ಲಪ್ಪ ರಾಕ್ಷಸಿ! ಕಡಿ ಅಂದ್ರೆ ಕಡಿದೇ ಬುಡಾದಾ? ಬುದ್ಧಿ ಬ್ಯಾಡ್ವಾ?” ಎಂದು ನನ್ನ ಕಡೆ ತಿರುಗಿ, ಇನ್ನು ಮೇಲೆ ನನ್ನ ಮುಖ ನೋಡುವುದಿಲ್ಲ ಎಂದು ಕೂಡಲಸಂಗಮನ ಮೇಲೆ ಆಣೆ ಇಟ್ಟರು. ನಾನೂ ಬಿಡಲಿಲ್ಲ. ಮಕ್ಕಳನ್ನು ಕರೆದುಕೊಂಡು ಮಾರನೆಯ ದಿನವೇ ಕಲ್ಯಾಣದುರ್ಗದ ಬಸ್ಸು ಹತ್ತಿದೆ.

ತವರಿನ ಹಿತ್ತಲಿಗೆ ಕಾಲಿಟ್ಟರೆ ನನ್ನ ಗಿಡದ ತಾಯಿ ಮೈತುಂಬ ಕಾಯಿ ಹೊತ್ತು ನಿಂತಿತ್ತು. ನೋಡಿ ಸಿಟ್ಟು ಬಂತು. ಅಮ್ಮನಿಗೆ ಎಲ್ಲ ಹೇಳಿದೆ, ಕೆರೆಗೋಡು, ಬಿಳಿ ಗೊಬ್ಬರ, ಕೊಡಲಿ, ಎಲ್ಲ. ಅಮ್ಮ ಕಾಳು ಹಸನು ಮಾಡುತ್ತ ಕೇಳಿ, ಒಂದೇ ಮಾತು ಕೇಳಿದಳು.

“ನೀರು ಎಷ್ಟು ಹಾಕ್ತೀರೇ?”

“ಬಚ್ಚಲು ನೀರು ಪೂರ್ತಿ ಅದಕ್ಕೇ ಹೋಗೋದು. ಮೇಲೆ ನಾನೂ ದಿನಾ ಎರಡು ಬಿಂದಿಗೆ ಹಾಕ್ತೀನಿ.”

ಅಮ್ಮ ಮೊರ ಕೆಳಗಿಟ್ಟು ನಕ್ಕಳು.

“ಇಲ್ಲಿ ನಮಗೇ ಕುಡಿಯಕ್ಕೆ ಅರ್ಧ ಮೈಲಿಯಿಂದ ಹೊತ್ತು ತರೋದು, ಗಿಡಕ್ಕೆ ಯಾರು ಹಾಕ್ತಾರೆ? ಅದು ಬಾಯಾರಿ ಬಾಯಾರಿ, ಇನ್ನು ಸತ್ತೇ ಹೋಯ್ತೀನಿ ಅನ್ನೋವಾಗ ಹೂ ಬಿಡೋದು ಕಣೇ. ಹೊಟ್ಟೆ ತುಂಬಿದ್ದಕ್ಕೆ ಮಕ್ಕಳ ಯೋಚನೆ ಯಾಕೆ ಬತ್ತೈತೆ? ಬುಡ ಕೆದಕಿ ಬಿಸಿಲಿಗೆ ಬಿಡು. ಒಂದು ತಿಂಗಳು ಒಂದು ತೊಟ್ಟು ನೀರು ತೋರಿಸ್ಬ್ಯಾಡ. ಎಲೆ ಮುದುರಿ ಉದುರ್ತೈತೆ, ಹೆದರ್ಕಬ್ಯಾಡ. ಆಮೇಲೆ ಕುರಿ ಗೊಬ್ಬರ ಹಾಕಿ, ಒಂದೇ ಸಲ ಪಾತಿ ತುಂಬ ನೀರು ಕೊಡು.”

ಇಷ್ಟೇ. ಆರು ವರ್ಷ ಇಬ್ಬರೂ ಕಾಗದ ಬರೆದಿದ್ದೆವು, ಇದೊಂದು ವಿಷಯ ಬರೆಯಲು ಇಬ್ಬರಿಗೂ ತೋಚಿರಲಿಲ್ಲ.

ಹಿಂದೂಪುರಕ್ಕೆ ವಾಪಸು ಬಂದ ಮಾರನೆಯ ದಿನ ನಾನು ಅಡಿಗೆಮನೆಯ ಕಿಟಕಿಯಲ್ಲಿ ಕೂತು ಗಿಡದ ದಿನಚರಿ ನೋಡಿದೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಬೆಳಗಾಗುತ್ತಲೇ ಮಾವ ಬಂದು ಅದರ ಬುಡದಲ್ಲಿ ಎರಡು ಚೆಂಬು ನೀರಿನಲ್ಲಿ ಮುಖ ತೊಳೆದರು. ನಮ್ಮೆಜಮಾನರು ಗಡ್ಡ ಹೆರೆದ ನೀರು ಚೆಲ್ಲಿದರು. ಎರ್ರಮ್ಮ ಬುತ್ತಿ ಪಾತ್ರೆ ತೊಳೆದಳು. ಮಕ್ಕಳು ಮಾಡಿದ್ದನ್ನು ಹೇಳುವುದು ಬೇಡ. ಎಲ್ಲರಿಗಿಂತ ಕೊನೆಗೆ ಅತ್ತೆ, ಆಚೀಚೆ ನೋಡಿ, ಒಂದು ಗುಡಾಣ ಅಕ್ಕಿ ತೊಳೆದ ನೀರು ತಂದು ಸುರಿದರು. ಕೊಡಲಿ ಕಚ್ಚಿದ ಕಡೆ ಸಗಣಿ ಮೆತ್ತಿ ಬಟ್ಟೆ ಕಟ್ಟಿದ್ದರು. ಆ ಬಟ್ಟೆಯನ್ನು ಸವರುತ್ತ, “ನೋವಾಯ್ತೇನಪ್ಪ? ಅವಳ ಕೈ ಸೇದಿ ಹೋಗ” ಎಂದು ಗಿಡವನ್ನು ಮಾತಾಡಿಸಿದರು.

ಆರು ವರ್ಷ ಬೈದ ಬಾಯಿ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಿಡ ಬಡವಾಗಿ ಸೊರಗಿರಲಿಲ್ಲ, ಮುದ್ದಿನಲ್ಲಿ ಮುಳುಗಿತ್ತು.

ಈಗ ಇವರೆಲ್ಲರನ್ನೂ ನಿಲ್ಲಿಸುವುದು ಹೇಗೆ? ನೀರು ಹಾಕಬೇಡಿ ಎಂದು ನಾನು ಹೇಳಿದರೆ ಅತ್ತೆ ಬಾವಿಯನ್ನೇ ತಂದು ಅಲ್ಲಿ ಸುರಿಯುವವರು. ಒಂದು ದಿನ ಪೂರ್ತಿ ಯೋಚಿಸಿದೆ. ಮಾರನೆಯ ದಿನ ಎಲ್ಲರೂ ಊಟಕ್ಕೆ ಕೂತಿರುವಾಗ ಗೋಡೆಯ ಕಡೆ ತಿರುಗಿ, ಅತ್ತೆಯದೇ ಧಾಟಿಯಲ್ಲಿ ಹೇಳಿದೆ.

“ನಮ್ಮಮ್ಮ ಹೇಳಿ ಕಳಿಸವಳೆ. ಗಿಡಕ್ಕೆ ಹೊತ್ತು ಹೊತ್ತಿಗೂ ನೀರು ಹಾಕ್ಬೇಕಂತೆ. ಹಿಂದೂಪುರದೋರಿಗೆ ನೀರು ಹಾಕೋದೂ ಗೊತ್ತಿಲ್ಲ ಅಂತ ನಕ್ಕುಬುಟ್ಲು.”

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಅವರು ಅನ್ನಕ್ಕೆ ಹೇಳಿದರು.

“ಕಲ್ಯಾಣದುರ್ಗದೋರ ಅಪ್ಪಣೆ ಈ ಮನೇಲಿ ನಡೆಯಕ್ಕಿಲ್ಲ. ಇವತ್ತಿಂದ ಆ ಗಿಡಕ್ಕೆ ಯಾರಾದ್ರೂ ಒಂದು ತೊಟ್ಟು ನೀರು ಹಾಕಿದ್ರೆ ನೋಡ್ಕತೀನಿ.”

ಮಾವ ಬೆಚ್ಚಿ ನೀರಿನ ಚೆಂಬನ್ನು ಪಕ್ಕಕ್ಕೆ ಸರಿಸಿದರು. ಊಟ ಮುಗಿಯುತ್ತಲೇ ಅತ್ತೆ ಸನಿಕೆ ಹಿಡಿದು ಹಿತ್ತಲಿಗೆ ಹೋದವರು, ಬಚ್ಚಲು ನೀರಿನ ಕಾಲುವೆಯನ್ನು ತಾವೇ ಮುಚ್ಚಿ ನರಸಿಂಹಯ್ಯನವರ ಗೋಡೆಯ ಕಡೆ ತಿರುಗಿಸಿಬಿಟ್ಟರು. ಆ ಸಿಟ್ಟಿನಲ್ಲಿ ಗಿಡದ ಬುಡವನ್ನೂ ನಾಲ್ಕು ಕಡೆ ಕೆದಕಿದರು. ನಾನು ಮಾಡಬೇಕಿದ್ದ ಕೆಲಸ ಅದು. ಬಾಗಿಲ ಹಿಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಇನ್ನು ಆ ಸಿಟ್ಟು ತಣ್ಣಗಾಗದಂತೆ ಕಾಯುವುದೇ ನನ್ನ ತೋಟಗಾರಿಕೆ. ಅದು ಸುಲಭದ್ದಲ್ಲ. ಅತ್ತೆ ಬೇಗ ಕರಗುವ ಹೆಂಗಸೆಂದು ನನಗೆ ಆಗ ತಿಳಿಯಿತು. ಎಂಟು ದಿನವಾಗುತ್ತಲೇ ನನ್ನ ದೊಡ್ಡ ಮಗಳ ಕೈಯಲ್ಲಿ ನನಗೆ ಒಬ್ಬಟ್ಟು ಕಳಿಸಿದರು. ತಿಂದು ಗೋಡೆಗೆ ಹೇಳಿದೆ, “ನಮ್ಮ ಕಡೆ ಹೂರಣ ಇಷ್ಟು ಗಟ್ಟಿ ಮಾಡಲ್ಲಪ್ಪ.” ಅದು ಹತ್ತು ದಿನದ ಸಿಟ್ಟಿಗೆ ಸಾಕಾಯಿತು. ಮತ್ತೆ ಕರಗುವ ಸೂಚನೆ ಕಂಡಾಗ ಅವರು ಒಣಗಿಸಿದ್ದ ಹಪ್ಪಳದ ಚಾಪೆಯನ್ನು ನೆರಳಿಗೆ ಎಳೆದೆ. ಅಮ್ಮನ ಕೈಯ ಹುಳಿಸಾರನ್ನು ಹೊಗಳಿದ್ದು ಐದು ದಿನಕ್ಕೆ ಬಂತು. ರಾತ್ರಿ ಮಲಗುವಾಗ ನಾಳೆ ಏನನ್ನು ಹೊಗಳಲಿ ಎಂದು ಯೋಚಿಸುವಂತಾಯಿತು. ನಿಜ ಹೇಳಬೇಕೆಂದರೆ ಆ ಹುಳಿಸಾರು ಅಷ್ಟೇನೂ ಚೆನ್ನಾಗಿರಲಿಲ್ಲ.

ಅತ್ತ ನರಸಿಂಹಯ್ಯನವರ ಲಾನ್ ಹಸಿರಾಗತೊಡಗಿತು. ಹಳದಿ ಮಚ್ಚೆಗಳು ಮುಚ್ಚಿ ಹೋದವು, ಗರಿಕೆ ಬೇಲಿ ದಾಟಿ ಬೀದಿಗೆ ಬಂತು. ಗೋಡೆಯ ಅಡಿಯಿಂದ ನಮ್ಮ ಮನೆಯ ಆರು ಜನರ ಸ್ನಾನದ ನೀರು ಹರಿಯುತ್ತಿರುವುದು ಅವರಿಗೆ ಗೊತ್ತಿರಲಿಲ್ಲ. ಮೂಳೆ ಪುಡಿಯ ಮಹಿಮೆ ಎಂದು ಬೀದಿಗೆಲ್ಲ ಹೇಳಿಕೊಂಡು, ಕಂಡವರಿಗೆಲ್ಲ ಅದನ್ನೇ ಬರೆದುಕೊಟ್ಟರು.

ಇತ್ತ ನನ್ನ ಗಿಡ ಎಲೆ ಮುದುರಿತು. ಆಮೇಲೆ ಉದುರಿಸಿತು. ಮೂವತ್ತು ದಿನವಾಗುವಷ್ಟರಲ್ಲಿ ಅರ್ಧ ಕೊಂಬೆಗಳು ಬರಿದಾಗಿ ಮುಳ್ಳು ಮಾತ್ರ ಉಳಿದವು. ಹೆದರ್ಕಬ್ಯಾಡ ಎಂದು ಅಮ್ಮ ಹೇಳಿದ್ದಳು, ಅವಳಿಗೇನು, ಅವಳ ಗಿಡಕ್ಕೆ ಅದು ಅಭ್ಯಾಸ. ಬಚ್ಚಲು ನೀರು ಕುಡಿದು ಬೆಳೆದದ್ದು ಇದು. ಅದರ ಮುಂದೆ ಹೋಗಿ ನಿಲ್ಲುವುದಕ್ಕೇ ಆಗದೆ ಹೋಯಿತು. ನನ್ನ ಕೈಯಾರೆ ಕೊಲ್ಲುತ್ತಿದ್ದೇನೆ ಎನ್ನಿಸಿ ಎರಡು ಸಲ ಬಿಂದಿಗೆ ಎತ್ತಿಕೊಂಡು ಬಾಗಿಲವರೆಗೆ ಬಂದು ವಾಪಸು ಹೋದೆ.

ಮೂವತ್ತಾರನೆಯ ದಿನ ಮನೆಯವರೆಲ್ಲ ಪರಿಗಿಗೆ ನೆಂಟರ ಮನೆಯ ನಾಮಕರಣಕ್ಕೆ ಹೋದರು. ನಾನು ತಲೆನೋವೆಂದು ಉಳಿದೆ. ಎರಡು ಮಂಕರಿ ಕುರಿ ಗೊಬ್ಬರ ಹಾಕಿ, ಬಾವಿಯಿಂದ ಹದಿನೆಂಟು ಬಿಂದಿಗೆ ಸೇದಿ ಪಾತಿ ತುಂಬಿಸಿದೆ. ಸಂಜೆ ಅತ್ತೆ ಬಂದು ಕಾಲು ತೊಳೆಯಲು ಹಿತ್ತಲಿಗೆ ಹೋದರು. ಒದ್ದೆ ಪಾತಿಯನ್ನು ನೋಡಿದರು. ನನ್ನ ಕೆಸರಾದ ಸೀರೆಯ ಅಂಚನ್ನು ನೋಡಿದರು. ಕಾಲು ತೊಳೆದು ಒಳಗೆ ಹೋಗಿಬಿಟ್ಟರು. ಬೈಗುಳಕ್ಕೆ ಸಿದ್ಧವಾಗಿದ್ದ ನನಗೆ ಅದು ವಿಚಿತ್ರವೆನಿಸಿತು.

ಸಂಕ್ರಾಂತಿ ಕಳೆಯಿತು. ಗಿಡ ಹಾಗೇ ಬೋಳು. ಒಂದು ದಿನ ಮಾವ ಅದನ್ನು ಸುತ್ತ ನೋಡಿ, “ಇದು ಆಗ್ಲೇ ಹೋಯ್ತು ಕಣಮ್ಮ. ಶಿವರಾತ್ರಿವರೆಗೂ ಕಾದು ಏನು ಮಾಡೋದು? ಸೋಮವಾರ ಗಾರೆ ಕೆಲಸದೋರು ಬತ್ತಾರೆ” ಎಂದರು. ನನ್ನ ಬುದ್ಧಿವಂತಿಕೆ, ನನ್ನ ಜಗಳ, ನನ್ನ ಹದಿನೆಂಟು ಬಿಂದಿಗೆ, ಎಲ್ಲ ಸೇರಿ ಗಿಡವನ್ನು ಕೊಂದಿದ್ದವು. ಆ ರಾತ್ರಿ ಊಟ ಸೇರಲಿಲ್ಲ.

ಸೋಮವಾರ ಬೆಳಿಗ್ಗೆ ಕಸ ಚೆಲ್ಲಲು ಹೋದವಳು ಕೊನೆಯದಾಗಿ ಒಂದು ಸಲ ಮುಟ್ಟೋಣವೆಂದು ಹತ್ತಿರ ಹೋದೆ. ಕೊಡಲಿ ಗಾಯದ ಮೇಲಿನ ಕೊಂಬೆಯಲ್ಲಿ, ಮುಳ್ಳಿನ ಸಂದಿಯಲ್ಲಿ, ಏನೋ ಬೆಳ್ಳಗೆ. ಸಾಸಿವೆಯಷ್ಟು. ತುದಿಯಲ್ಲಿ ಸ್ವಲ್ಪ ನೇರಳೆ. ಪಕ್ಕದ ಕೊಂಬೆಯಲ್ಲಿ ಇನ್ನೂ ನಾಲ್ಕು. ಕೆಳಗೆ ಬಗ್ಗಿ ನೋಡಿದರೆ ಗಿಡದ ತುಂಬ ಮೊಗ್ಗು!

ಕುಣಿಯಬೇಕೆನ್ನಿಸಿತು. ಎಲ್ಲರನ್ನೂ ಕೂಗಲು ಬಾಯಿ ತೆರೆದೆ. ತೆರೆದ ಬಾಯನ್ನು ಹಾಗೇ ಮುಚ್ಚಿದೆ.

‘ಕಡಿ. ಯಾಕೆ ನಿಂತೆ?’ ಆ ಮಾತು ನನ್ನ ಹೊಟ್ಟೆಯಲ್ಲಿ ಇನ್ನೂ ಅರಗಿರಲಿಲ್ಲ. ಇವತ್ತು ಗಿಡ ನನ್ನ ಕಡೆ ಇದೆ. ಇವತ್ತು ಬೇಡಿಸಿಯೇ ಬಿಡಬೇಕು.

ಗಾರೆಯವರು ಬಂದರು. ಎರ್ರಮ್ಮ ಮತ್ತು ಹೆಂಗಸರು ಶೆಡ್ಡಿನಿಂದ ಎದ್ದು ಬಂದರು. ಮಾವ ಬಂದು ದೂರ ನಿಂತರು. ಗೋಡೆಯ ಮೇಲೆ ನರಸಿಂಹಯ್ಯನವರ ತಲೆ ಸರಿಯಾದ ಹೊತ್ತಿಗೆ ಬಂತು. ನಾನು ಗಾರೆಯವನ ಕೈಯಿಂದ ಕೊಡಲಿ ಕಿತ್ತುಕೊಂಡೆ.

“ನಾನು ತಂದ ಗಿಡ. ಮೊದಲ್ನೇ ಏಟು ನಂದೇ,” ಎಂದು ಗಂಟಲು ತುಂಬಿಸಿಕೊಂಡು ಹೇಳಿ, ಕೊಡಲಿ ಎತ್ತಿ ನಿಂತೆ. ಜಗಲಿಯ ಕಡೆ ಓರೆಗಣ್ಣಿನಲ್ಲಿ ನೋಡಿದೆ.

ಅತ್ತೆ ಅಡಕತ್ತರಿ ಕೆಳಗಿಟ್ಟರು. ಎದ್ದರು. ಬಾಯಲ್ಲಿದ್ದ ಎಲೆಅಡಿಕೆಯನ್ನು ಮೂಲೆಗೆ ಉಗುಳಿ, ಬಾಯಿ ಮುಕ್ಕಳಿಸಿದರು. ಆಮೇಲೆ ನೆಟ್ಟಗೆ ಬಂದು ನನ್ನ ಕೊಡಲಿಗೂ ಗಿಡಕ್ಕೂ ನಡುವೆ ನಿಂತು, ಎಲ್ಲರ ಎದುರಿಗೆ ಸೆರಗೊಡ್ಡಿದರು.

“ಬ್ಯಾಡ ಕಣಮ್ಮ ಮಂಗಳಗೌರಿ. ಕಡಿಬ್ಯಾಡ. ಬರೋ ವರ್ಷ ಕಾಯಿ ಕೊಡ್ತೈತೆ. ಅದಕ್ಕೆ ನಾನು ಜಾಮೀನು.”

ಮಾವ ಬಾಯಿ ತೆರೆದುಕೊಂಡು ನಿಂತಿದ್ದರು. ಅತ್ತೆ ಎರಡನೆಯ ಸಲ ಹೇಳಿದರು. ಮೂರನೆಯ ಸಲ ಹೇಳುವಾಗ ಕಣ್ಣಲ್ಲಿ ನೀರು ನಿಂತಿತು. ನನಗೆ ನಗು ಬರಬೇಕಿತ್ತು. ಮೂರು ತಿಂಗಳು ಇದಕ್ಕಾಗಿಯೇ ಕಾದಿದ್ದವಳು ನಾನು. ನಗು ಬರಲಿಲ್ಲ. ಮುಳ್ಳು ಗೀರಿದ ಹಳೆಯ ಗಾಯದ ಗುರುತು ಆ ಒಡ್ಡಿದ ತೋಳುಗಳ ಮೇಲೆ ಇನ್ನೂ ಇತ್ತು. ಕೊಡಲಿ ತಾನಾಗಿ ಕೆಳಗಿಳಿಯಿತು.

ಹೇಗೋ ಸಾವರಿಸಿಕೊಂಡು, ಆಗಷ್ಟೇ ಕಂಡವಳಂತೆ ಕೊಂಬೆಯ ಕಡೆ ಕೈ ತೋರಿಸಿದೆ. “ಅಯ್ಯೋ, ಅಲ್ನೋಡ್ರಿ, ಮೊಗ್ಗು!”

ಎರ್ರಮ್ಮ ನೆಲಕ್ಕೆ ಬಿದ್ದು ಅತ್ತೆಯ ಕಾಲು ಮುಟ್ಟಿದಳು. ಜಾಮೀನು ಬಾಯಿಂದ ಬೀಳುವುದರೊಳಗೆ ಗಿಡ ಮೊಗ್ಗು ಬಿಟ್ಟಿತೆಂದು ಸಂಜೆಯೊಳಗೆ ಪರಿಗಿಯವರೆಗೂ ಸುದ್ದಿ ಮುಟ್ಟಿತು. ಗೋಡೆಯ ಮೇಲಿಂದ ನರಸಿಂಹಯ್ಯನವರು ಇದೆಲ್ಲ ತಾವು ಉಪ್ಪು ತೆಗೆಸಿದ್ದರ ಫಲವೆಂದು ಕೂಗಿ ಹೇಳುತ್ತಿದ್ದರು, ಯಾರೂ ಕೇಳಲಿಲ್ಲ. ಮಾವ ಗಾರೆಯವರಿಗೆ ಶೆಡ್ಡಿನ ಇನ್ನೊಂದು ಮಗ್ಗುಲು ತೋರಿಸಿದರು.

ಮಧ್ಯಾಹ್ನ ದೇವರ ಗೂಡು ಒರೆಸಲು ಹೋದೆ. ಅತ್ತೆಯ ಪೂಜೆಯ ತಟ್ಟೆಯಲ್ಲಿ ಬಿಲ್ವಪತ್ರೆಯ ಕೆಳಗೆ ಮೂರು ನಿಂಬೆಯ ಮೊಗ್ಗುಗಳಿದ್ದವು. ಬಾಡಿ ಕಂದಾಗಿದ್ದವು. ಇವತ್ತು ಕಿತ್ತವಲ್ಲ.

ತಟ್ಟೆ ಹಿಡಿದುಕೊಂಡೇ ಜಗಲಿಗೆ ಬಂದೆ.

“ಅತ್ತಮ್ಮ, ನೀವು ನಿನ್ನೇನೇ ನೋಡಿದ್ರಾ?”

“ಮೊನ್ನೆ,” ಎಂದರು ಅತ್ತೆ, ಅಡಿಕೆ ಕತ್ತರಿಸುತ್ತ. “ಇವತ್ತು ಬೆಳಿಗ್ಗೆ ನೀನು ನೋಡಿ, ಬಾಯಿ ತೆಗೆದು ಮುಚ್ಕಂಡಿದ್ದನ್ನೂ ನೋಡಿದೆ.”

ನನ್ನ ಮುಖ ಬಿಸಿಯಾಯಿತು. “ಮತ್ತೆ ಮೊಗ್ಗೈತೆ ಅಂತ ಮಾವನೋರಿಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ. ಅಷ್ಟು ಜನದ ಮುಂದೆ ಯಾಕೆ ಬೇಡ್ಕಂಡ್ರಿ?”

ಅಡಕತ್ತರಿ ನಿಂತಿತು.

“ಅವತ್ತೇ ಬೇಡ್ಕಬೇಕು ಅಂತಿದ್ದೆ ಕಣಮ್ಮಿ. ಬಾಯಿಗೆ ಬರಲಿಲ್ಲ, ಬ್ಯಾರೆ ಮಾತು ಬಂದ್ಬುಡ್ತು. ಮೂರು ತಿಂಗಳಿಂದ ನಾಲಿಗೆ ಮೇಲೇ ಕೂತಿತ್ತು.”

ನನಗೆ ಬಹಳ ನಾಚಿಕೆಯಾಯಿತು. ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವರ ಪಕ್ಕದಲ್ಲೇ ಕೂತುಬಿಟ್ಟೆ. ನೀರಿನ ವಿಷಯವನ್ನೂ ಒಪ್ಪಿಕೊಂಡುಬಿಡೋಣವೆಂದು, “ಅತ್ತಮ್ಮ, ದಿನಾ ನೀರು ಹಾಕ್ಬೇಕು ಅಂತ ನಮ್ಮಮ್ಮ ಹೇಳಿದ್ದು…” ಎಂದು ಶುರು ಮಾಡಿದೆ.

“ಹೇಳಿರಲ್ಲ ಬುಡು. ಕಲ್ಯಾಣದುರ್ಗದಲ್ಲಿ ನೀರೆಲ್ಲೈತೆ, ದಿನಾ ಗಿಡಕ್ಕೆ ಹಾಕಕ್ಕೆ?” ಎಂದರು ಅತ್ತೆ. ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ, ಮೊದಲ ಸಲ ನನ್ನ ಕೈಗೆ ಕೊಟ್ಟರು. “ಆದ್ರೆ ಆ ಒಬ್ಬಟ್ಟಿನ ಹೂರಣ ಗಟ್ಟಿ ಅಂದೆ ನೋಡು, ಅದು ಮಾತ್ರ ನನಗೆ ನಿಜವಾಗ್ಲೂ ಉರೀತು.”

ನಾನು ಎಲೆ ಬಾಯಿಗಿಟ್ಟುಕೊಂಡೆ. ಆಮೇಲೆ ಅತ್ತೆ ಕೈ ಕೊಡವಿ ಎದ್ದು, ಹಿತ್ತಲ ಮೂಲೆಯ ಕರಿಬೇವಿನ ಕಡೆ ನೋಡಿದರು.

“ಆ ಕರಿಬೇವೂ ಯಾಕೋ ಮೇಲೇಳ್ತಿಲ್ಲ. ಮಂಗಳವಾರ ಅದಕ್ಕೂ ಮಾಡಣ. ಈ ಸಲ ಕೊಡಲಿ ಹಿಡಿಯೋಳು ನಾನು,” ಎಂದರು. “ನೀನು ಬೇಡ್ಕ.”